ರೈಫಲ್ ಹೊತ್ತ ಮಗಳೊಂದಿಗೆ ಬಂದೂಕಿನ ಊರಿಗೆ

ಮುಂಬೈ ವಿಮಾನ ನಿಲ್ದಾಣ

ಕೌಂಟರಿನ ಹುಡುಗಿ ಉದ್ದನೆಯ ಕರಿ ಪೆಟ್ಟಿಗೆಯನ್ನು ನೋಡಿ ಒಳಗೇನಿದೆ ಎಂದು ಕೇಳಿದಳು. ನನ್ನ ಮಗಳು ಸಂಜನಾ ನಗುತ್ತಲೇ "ರೈಫಲ್" ಎಂದಳು. ನಮ್ಮ ಹಿಂದೆ ಸಾಲಿನಲ್ಲಿದ್ದ ಗುಜರಾತಿ ಕುಟುಂಬವೊಂದು ಟ್ರಾಲಿ ಸಮೇತ ಹಿಂದೆ ಸರಿಯಿತು.

ಹೆದರುವಂಥದ್ದೇನೂ ಅಲ್ಲ. ಅದು ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ರೈಫಲ್, ಆಟದ ಸಾಮಾನು. ಗುಂಡು ಕಡಲೆಕಾಳಿಗಿಂತ ಚಿಕ್ಕದು. ಹದಿನೇಳರ ಸಂಜನಾ ಭಾಂಡುಪ್‌ನ ನಮ್ಮ ಮನೆಯಿಂದ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಇದೇ ಪೆಟ್ಟಿಗೆ ಹೊತ್ತು ಶೂಟಿಂಗ್ ಕ್ಲಬ್ಬಿಗೆ ಹೋಗುತ್ತಾಳೆ. ವಾದ್ಯವಿರಬೇಕೆಂದು ಹೆಂಗಸರು ಜಾಗ ಬಿಟ್ಟುಕೊಡುತ್ತಾರೆ. ಒಮ್ಮೆ ಮೀನು ಮಾರುವ ಹೆಂಗಸೊಬ್ಬಳು "ಬೇಟಾ, ಏಕ್ ಗಾನಾ ಬಜಾ ನಾ" ಎಂದು ಒಂದು ಹಾಡು ನುಡಿಸಲು ಕೇಳಿದ್ದಳಂತೆ.

ಆದರೆ ವಿಮಾನ ನಿಲ್ದಾಣದಲ್ಲಿ ಅದು ವಾದ್ಯವಾಗಲಿಲ್ಲ. ಒಬ್ಬ ಅಧಿಕಾರಿ ಪೆಟ್ಟಿಗೆ ತೆರೆಸಿದ, ಮತ್ತೊಬ್ಬ ಬಂದು ಗಾಳಿಯ ಸಿಲಿಂಡರ್ ಖಾಲಿಯಿದೆಯೇ ಎಂದು ನೋಡಿದ, ಮೂರನೆಯವನು ಇಬ್ಬರೂ ನೋಡಿದ್ದನ್ನು ಮತ್ತೆ ನೋಡಿದ. ನಮ್ಮೊಂದಿಗೆ ಕ್ಲಬ್ಬಿನ ಕೋಚ್ ಸಾವಂತ್ ಸರ್ ಇದ್ದರು. ಅಮೆರಿಕದ ಒಂದು ಊರಿನ ಜೂನಿಯರ್ ಸ್ಪರ್ಧೆಗೆ ಕ್ಲಬ್ಬಿನ ಕೆಲವು ಮಕ್ಕಳನ್ನು ಅವರೇ ಕರೆದೊಯ್ಯುತ್ತಿದ್ದರು. ನಾನು ಸಂಜನಾಳ ತಾಯಿಯಾಗಿ ಜೊತೆಗೆ ಹೊರಟಿದ್ದೆ.

ನಾನು ಹೋಗಲೇಬೇಕಾದ ಕಾರಣವಿತ್ತು. ಹಿಂದಿನ ವರ್ಷ ರಾಜ್ಯಮಟ್ಟದ ಫೈನಲ್‌ನಲ್ಲಿ ಸಂಜನಾಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಕೈ ನಡುಗಿ, ಎದೆ ಒಡೆದುಹೋಗುತ್ತದೆ ಎಂಬಷ್ಟು ಬಡಿದುಕೊಂಡು, ಅವಳು ರೈಫಲ್ ಕೆಳಗಿಟ್ಟು ಹೊರಗೆ ನಡೆದುಬಿಟ್ಟಿದ್ದಳು. ಆಮೇಲೆ ಕಾಲೇಜಿನಲ್ಲಿ ಹಾಗಾಯಿತು, ಲೋಕಲ್‌ನಲ್ಲೂ ಆಯಿತು. ಹೃದಯದ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಕೊನೆಗೆ ಸಯನ್‌ನಲ್ಲಿ ಒಬ್ಬ ಮನೋವೈದ್ಯೆಯನ್ನು ಕಂಡೆವು. ಇದು ಪ್ಯಾನಿಕ್, ಇದ್ದಕ್ಕಿದ್ದಂತೆ ಏಳುವ ಗಾಬರಿ, ಮಾತು ಮತ್ತು ಉಸಿರಿನ ಅಭ್ಯಾಸದಿಂದ ಹತೋಟಿಗೆ ಬರುತ್ತದೆ ಎಂದರು ಅವರು. ಬುಧವಾರದ ಭೇಟಿಗಳು ಶುರುವಾದವು.

ನನ್ನ ಗಂಡ ಬಸವರಾಜ್ ಬೆಳಗಾವಿಯವರು, ದಾದರ್‌ನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾರೆ. ಚಿಕಿತ್ಸೆ ಬೇಡ ಎನ್ನಲಿಲ್ಲ. ಆದರೆ ಒಂದು ಕಟ್ಟಪ್ಪಣೆ ಮಾಡಿದರು.

"ಇದು ಯಾರ ಕಿವಿಗೂ ಬೀಳಬಾರದು ನೋಡು. ನಾಳೆ ಹುಡುಗಿ ಮದಿವಿ ಮಾಡೂದೈತಿ. ಮಂದಿಗೆ ಗೊತ್ತಾದ್ರ ಹುಚ್ಚಿ ಅಂತಾರ."

ಹಾಗಾಗಿ ಬಂಧುಬಳಗಕ್ಕೆಲ್ಲ ಸಂಜನಾ ಬುಧವಾರ ಸಯನ್‌ಗೆ ಟ್ಯೂಷನ್‌ಗೆ ಹೋಗುತ್ತಿದ್ದಳು. ಯಾವ ವಿಷಯ ಎಂದು ಕೇಳಿದರೆ ಕೆಮಿಸ್ಟ್ರಿ ಎನ್ನುತ್ತಿದ್ದೆವು.

ಇಳಿದ ಕೂಡಲೇ

ಅಮೆರಿಕದ ಕಸ್ಟಮ್ಸ್ ಅಧಿಕಾರಿ ಆಜಾನುಬಾಹು. ಪೆಟ್ಟಿಗೆ ತೆರೆದವನೇ ಮಗುವನ್ನು ನೋಡಿದಂತೆ ಮುಖ ಅರಳಿಸಿದ. "ಎಂಥ ಚೆಂದದ ರೈಫಲ್! ಗೆದ್ದು ಬಾ" ಎಂದು ಸಂಜನಾಗೆ ಹಾರೈಸಿ ಮುಚ್ಚಿಬಿಟ್ಟ. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವನ ಕೈ ನನ್ನ ಸೂಟ್‌ಕೇಸಿಗೆ ಹೋಯಿತು.

"ಈ ಪುಡಿ ಏನು?"

ಶೇಂಗಾ ಚಟ್ನಿ. ನಾನು ಹೇಳಿದೆ. ಅವನಿಗೆ ತಿಳಿಯಲಿಲ್ಲ. ಕೈಗವಸು ಹಾಕಿಕೊಂಡ, ಇನ್ನೊಬ್ಬನನ್ನು ಕರೆದ, ಇಬ್ಬರೂ ಮೂಸಿದರು. ಇನ್ನೊಬ್ಬನಿಗೆ ಸೀನು ಬಂತು. ಯಂತ್ರದಲ್ಲಿಟ್ಟು ನೋಡಿದರು. ವಿಜಯಪುರದ ನನ್ನ ಅಕ್ಕ ಕುಟ್ಟಿ ಕಳಿಸಿದ ಚಟ್ನಿ ಆ ದೇಶಕ್ಕೆ ಅಪಾಯವಲ್ಲ ಎಂದು ತೀರ್ಮಾನವಾಗುವ ಹೊತ್ತಿಗೆ ನಮ್ಮ ಗುಂಪಿನವರೆಲ್ಲ ಹೊರಗೆ ಕಾದು ಸುಸ್ತಾಗಿದ್ದರು.

"ಮಮ್ಮಿ, ಗನ್ ಓಕೆ ಅಂತ, ಚಟ್ನಿ ಡೇಂಜರ್ ಅಂತ!" ಎಂದು ಸಂಜನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ.

ಡಯೇನ್ ಮನೆ

ಆ ಊರಿನ ಹೆಸರನ್ನು ಬರೆಯುವುದಿಲ್ಲ. ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಒಂದೇ ಸಂಗತಿ ಎಂದು ಅಲ್ಲಿಯವರಿಗೆ ನೋವಿದೆ. ಕೆಲವು ವರ್ಷಗಳ ಹಿಂದೆ ಅಲ್ಲಿನ ಹೈಸ್ಕೂಲಿಗೆ ಅದೇ ಶಾಲೆಯ ಹುಡುಗನೊಬ್ಬ ಮನೆಯಿಂದ ಬಂದೂಕು ತಂದು ಸಹಪಾಠಿಗಳ ಮೇಲೆ ಗುಂಡು ಹಾರಿಸಿದ್ದ. ಇದು ನನಗೆ ಹೋಗುವ ಮುಂಚೆ ಗೊತ್ತಿರಲಿಲ್ಲ.

ಸ್ಪರ್ಧೆಗೆ ಬಂದ ಮಕ್ಕಳನ್ನು ಊರಿನ ಮನೆಗಳಲ್ಲೇ ಉಳಿಸಿದ್ದರು. ನಮಗೆ ಸಿಕ್ಕಿದ್ದು ಡಯೇನ್ ಮನೆ. ಡಯೇನ್ ಆ ಹೈಸ್ಕೂಲಿನ ಲೈಬ್ರರಿಯನ್. ಗಂಡ ವಾಲ್ಟ್ ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಜಿಂಕೆ ಬೇಟೆಯ ಹುಚ್ಚಿನವನು. ಮಗಳು ಹೇಲಿ ಸಂಜನಾಳ ವಯಸ್ಸಿನವಳೇ, ಅದೇ ಸ್ಪರ್ಧೆಯಲ್ಲಿ ಶೂಟ್ ಮಾಡುವವಳು.

ಅಲ್ಲಿಯ ಜನರ ರೀತಿ ನನಗೆ ಸೋಜಿಗ. ಎದುರಾದವರೆಲ್ಲ "ಹೇಗಿದ್ದೀರಿ?" ಎನ್ನುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಮೊದಲ ದಿನ ನಾನು ನಿಂತು ಮಂಡಿನೋವಿನ ವಿಷಯ ಹೇಳತೊಡಗಿದೆ. ಅಂಚೆಯವನು ಪಾಪ, ಪೂರ್ತಿ ಕೇಳಿಸಿಕೊಂಡ. ಡಯೇನ್ ತಬ್ಬಿಕೊಳ್ಳುವ ಮುಂಚೆ "ತಬ್ಬಿಕೊಳ್ಳಲೇ?" ಎಂದು ಕೇಳುತ್ತಾಳೆ. ಸಾಮಾನು ತರಲು ಹೋದ ಅಂಗಡಿಯಲ್ಲಿ ಮಕ್ಕಳ ಸ್ಕೂಲ್ ಬ್ಯಾಗುಗಳ ಮುಂದಿನ ಸಾಲಿನಲ್ಲಿ, ಗಾಜಿನ ಕಪಾಟಿನ ಹಿಂದೆ ನಿಜವಾದ ಬಂದೂಕುಗಳು. ಆ ಬ್ಯಾಗುಗಳೋ ಪಾರದರ್ಶಕ ಪ್ಲಾಸ್ಟಿಕ್‌ನವು. ಮಕ್ಕಳು ಒಳಗೆ ಏನು ತರುತ್ತಾರೆಂದು ಕಾಣಬೇಕಲ್ಲ. ಭಾಂಡುಪ್‌ನ ನಮ್ಮ ಕಾಲನಿ ಶಾಲೆಯ ಗೇಟಿನಲ್ಲಿ ವಡಾಪಾವ್ ಗಾಡಿಯ ಹೊಗೆ, ಕುರ್ಚಿಯಲ್ಲಿ ತೂಕಡಿಸುವ ವಾಚ್‌ಮನ್. ಅವನನ್ನು ನಾವು ಎಷ್ಟು ಬೈದಿದ್ದೇವೆ! ತೂಕಡಿಸುವುದೂ ಒಂದು ಭಾಗ್ಯ ಎಂದು ಆ ಅಂಗಡಿಯಲ್ಲಿ ಅನ್ನಿಸಿತು.

ಎರಡನೆಯ ಸಂಜೆ ನಾನು ಅಡುಗೆಮನೆಯಲ್ಲಿ ಚಟ್ನಿಯ ಸ್ಟೀಲ್ ಡಬ್ಬಿ ತೆಗೆಯಲು ಹೋಗಿ ಕೈಜಾರಿಸಿದೆ. ಅದು ಕಲ್ಲಿನ ನೆಲದ ಮೇಲೆ ಢಣ್ಣೆಂದು ಬಿತ್ತು. ಊಟದ ಮೇಜಿನ ಬಳಿಯಿದ್ದ ಹೇಲಿ ಕಾಣಲಿಲ್ಲ. ನೋಡಿದರೆ ಮೇಜಿನ ಕೆಳಗೆ ಮುದುರಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕೂತಿದ್ದಳು.

ಡಯೇನ್ ನೆಲದ ಮೇಲೆ ಮಗಳ ಪಕ್ಕ ಕೂತಳು. ಹಿಂದೆಯೇ ಸಂಜನಾ ಮೇಜಿನ ಕೆಳಗೆ ನುಸುಳಿದಳು. "ನಾಲ್ಕು ಎಣಿಸುವವರೆಗೆ ಉಸಿರು ತಗೋ, ಆರು ಎಣಿಸುತ್ತ ಬಿಡು. ನನ್ನ ಜೊತೆ ಮಾಡು" ಎನ್ನುತ್ತಿದ್ದಳು. ಸಯನ್ ಡಾಕ್ಟರು ಕಲಿಸಿದ್ದು. ಹೇಲಿಯ ಭುಜಗಳು ನಿಧಾನವಾಗಿ ಸಡಿಲಾದವು.

ಊಟದ ಮೇಜು

ಅಂದು ಊಟಕ್ಕೆ ಕೂತಾಗ ಡಯೇನ್ ಎಲ್ಲ ಹೇಳಿದಳು. ಶಾಲೆಯಲ್ಲಿ ಗುಂಡು ಹಾರಿದ ದಿನ ಅವಳು ಲೈಬ್ರರಿಯ ಬಾಗಿಲು ಹಾಕಿ, ಕಪಾಟುಗಳ ಹಿಂದೆ ಮಕ್ಕಳನ್ನು ಕೂಡಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಆ ಮಕ್ಕಳಲ್ಲಿ ಹೇಲಿಯೂ ಒಬ್ಬಳು. ಈಗ ಶಾಲಾ ಮಂಡಳಿಯಲ್ಲಿ ಜಗಳ ನಡೆದಿತ್ತು. ಶಿಕ್ಷಕರಿಗೆ ಬಂದೂಕು ಕೊಟ್ಟು ತರಬೇತಿ ಕೊಡಬೇಕೋ, ಇಡೀ ಶಾಲೆಗೆ ಒಬ್ಬಳೇ ಇರುವ ಕೌನ್ಸೆಲರ್ ಜೊತೆ ಇನ್ನೊಬ್ಬರನ್ನು ನೇಮಿಸಬೇಕೋ? ಇರುವ ಹಣ ಒಂದಕ್ಕೆ ಮಾತ್ರ ಸಾಕು. ಮರುದಿನ ಸಭೆ.

"ಬಂದೂಕಿನ ತಪ್ಪಲ್ಲ. ತಲೆ ಕೆಟ್ಟವನ ಕೈಗೆ ಸಿಕ್ಕಿದ್ದು ತಪ್ಪು" ಎಂದ ವಾಲ್ಟ್. ನನ್ನ ಕಡೆ ತಿರುಗಿ ವಿನಯದಿಂದಲೇ ಹೇಳಿದ, "ನನ್ನ ಹತ್ತಿರವೂ ಬಂದೂಕುಗಳಿವೆ. ಅಜ್ಜನ ಕಾಲದಿಂದ ಇವೆ. ಒಂದು ದಿನವೂ ಯಾರಿಗೂ ತೊಂದರೆಯಾಗಿಲ್ಲ."

"ಆ ಹುಡುಗನ ಕೈಗೆ ಸಿಗುವ ಹಾಗೆ ಇಟ್ಟವರು ಯಾರು?" ಡಯೇನ್ ಕೇಳಿದಳು.

"ಅವನಿಗೆ ಕಾಯಿಲೆ ಇತ್ತು, ಡಯೇನ್. ಮೆಂಟಲ್ ಇದ್ದವರನ್ನು ದೂರ ಇಡಬೇಕು, ಅಷ್ಟೇ."

ಹೇಲಿ ತಟ್ಟೆ ಸರಿಸಿದಳು. "ಅಪ್ಪಾ, ನಾನು ಪ್ರತಿ ವಾರ ಥೆರಪಿಗೆ ಹೋಗುತ್ತೇನೆ. ನೀನು ಹೀಗೆ ಅಂದಾಗಲೆಲ್ಲ ನನ್ನನ್ನೂ ಸೇರಿಸಿ ಅನ್ನುತ್ತೀಯ. ನನ್ನ ಕೈಯಲ್ಲೂ ರೈಫಲ್ ಇದೆ. ನನ್ನನ್ನು ಕಂಡರೆ ನಿನಗೆ ಹೆದರಿಕೆಯಾ?"

ವಾಲ್ಟ್ ಕೈಯಲ್ಲಿದ್ದ ಫೋರ್ಕ್ ಕೆಳಗಿಟ್ಟ. ಆಗ ಸಂಜನಾ ಕೈಯೆತ್ತಿದಳು, ಕ್ಲಾಸಿನಲ್ಲಿ ಎತ್ತುವ ಹಾಗೆ.

"ನಾನೂ ಹೋಗುತ್ತೇನೆ," ಎಂದಳು ಇಂಗ್ಲಿಷಿನಲ್ಲಿ. "ನಮ್ಮೂರಿನಲ್ಲಿ ಯಾರಿಗೂ ಹೇಳಿಲ್ಲ. ಕೆಮಿಸ್ಟ್ರಿ ಟ್ಯೂಷನ್ ಅಂತ ಹೇಳ್ತೀವಿ." ಆಮೇಲೆ ನನ್ನ ಮುಖ ನೋಡಿ, "ಮಮ್ಮಿ, ಸಾರಿ. ಬಾಯಿಂದ ನಿಕಲ್ ಗಯಾ."

"ಸಾರಿ ಯಾಕ? ಛಲೋ ಮಾಡಿದಿ" ಎಂದೆ.

ಕೆಮಿಸ್ಟ್ರಿ ಎಂದದ್ದಕ್ಕೆ ಹೇಲಿ ಕಿಸಕ್ಕನೆ ನಕ್ಕಳು. ಸಂಜನಾಳಿಗೂ ನಗು ತಡೆಯಲಿಲ್ಲ. ವಾಲ್ಟ್ ಮಾತ್ರ ತಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದ, "ನಿಮ್ಮಲ್ಲಿ ಹೇಗೆ?"

ನಾನು ತಿಳಿದದ್ದನ್ನು ಹೇಳಿದೆ. ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯಲ್ಲೂ ಬಂದೂಕಿಲ್ಲ. ಲೈಸೆನ್ಸ್ ಬೇಕೆಂದರೆ ಚಪ್ಪಲಿ ಸವೆಯುವಷ್ಟು ಓಡಾಡಬೇಕು. ಅದಕ್ಕಾಗಿ ನಾನು ನನ್ನ ಸರ್ಕಾರಕ್ಕೆ ಕೃತಜ್ಞಳು. ಆದರೆ ನಮ್ಮಲ್ಲೂ ಮಕ್ಕಳ ಮನಸ್ಸು ನೋಯುತ್ತದೆ. ನಿಮ್ಮಲ್ಲಿ ಆ ನೋವು ಬೇರೆಯವರ ಮೇಲೆ ಸಿಡಿದರೆ ಪೇಪರಿನಲ್ಲಿ ಬರುತ್ತದೆ. ನಮ್ಮಲ್ಲಿ ಅದು ಸದ್ದಿಲ್ಲದೆ ಮಕ್ಕಳನ್ನೇ ತಿನ್ನುತ್ತದೆ, ಮನೆಯವರು ಜ್ವರ ಎನ್ನುತ್ತಾರೆ. ನನ್ನ ಮಗಳಾಗಲಿ ನಿಮ್ಮ ಮಗಳಾಗಲಿ ಯಾರನ್ನೂ ನೋಯಿಸುವವರಲ್ಲ. ಅವರಿಗೆ ಬೇಕಾದದ್ದು ಕೇಳುವ ಒಬ್ಬರು.

ವಾಲ್ಟ್ ತಲೆಯಾಡಿಸಿದ. ಒಪ್ಪಿದನೋ ಬಿಟ್ಟನೋ ತಿಳಿಯಲಿಲ್ಲ.

ಶಾಲೆಯ ಸಭಾಂಗಣ

ಭಾಂಡುಪ್‌ನ ನಮ್ಮ ಬಿಲ್ಡಿಂಗಿನ ಸೊಸೈಟಿ ಮೀಟಿಂಗಿನಲ್ಲಿ ನೀರಿನ ಟ್ಯಾಂಕಿನ ಮಾತು ಬಂದರೆ ಹತ್ತು ಜನ ಒಟ್ಟಿಗೆ ಕೂಗುತ್ತಾರೆ. ಈ ಶಾಲಾ ಮಂಡಳಿಯ ಸಭೆಯಲ್ಲಿ ಒಬ್ಬೊಬ್ಬರೇ ಸಾಲಾಗಿ ಮೈಕಿನ ಮುಂದೆ ಬರುತ್ತಾರೆ, ಸಮಯ ಮುಗಿದರೆ ಯಂತ್ರವೊಂದು ಕುಂಯ್ ಎನ್ನುತ್ತದೆ, ಅಳುತ್ತಿರುವವರೂ ವಾಕ್ಯ ಅರ್ಧಕ್ಕೆ ಬಿಟ್ಟು ಕೂರುತ್ತಾರೆ. ಎಷ್ಟೊಂದು ಸಿಟ್ಟನ್ನು ಎಷ್ಟು ಶಿಸ್ತಿನಿಂದ ಹೊರಹಾಕುತ್ತಾರೆ ಎಂದು ನೋಡುತ್ತ ಕೂತೆ.

ಬಂದೂಕು ಬೇಕೆಂದವರು ದುಷ್ಟರಾಗಿರಲಿಲ್ಲ. ಗಣಿತ ಕಲಿಸುವ ಎಳೆಯ ಮೇಷ್ಟ್ರೊಬ್ಬ ನಡುಗುವ ದನಿಯಲ್ಲಿ, "ಪೊಲೀಸರು ಬರುವ ತನಕ ನಾನು ಬರಿಗೈಯಲ್ಲಿ ಮಕ್ಕಳನ್ನು ಕಾಯಬೇಕೆ?" ಎಂದು ಕೇಳಿದ. ಯಂತ್ರ ಕುಂಯ್ ಎನ್ನುವ ಮುಂಚೆಯೇ ಹೋಗಿ ಕೂತ.

ಆಮೇಲೆ ವಾಲ್ಟ್ ಎದ್ದ. ಬಂದೂಕಿನ ಪರವಾಗಿ ಮಾತಾಡುವವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಡಯೇನ್ ಗಂಡನ ಮುಖ ನೋಡದೆ ತನ್ನ ಮಡಿಲನ್ನು ನೋಡುತ್ತಿದ್ದಳು.

"ನನ್ನನ್ನು ನೀವೆಲ್ಲ ಬಲ್ಲಿರಿ. ನನ್ನ ಬಂದೂಕುಗಳನ್ನು ನಾನು ಯಾರಿಗೂ ಕೊಡುವುದಿಲ್ಲ" ಎಂದು ಶುರುಮಾಡಿದ. ಅವನ ಕಡೆಯವರು ಚಪ್ಪಾಳೆ ತಟ್ಟಿದರು. ಅವನು ಕೈಯೆತ್ತಿ ತಡೆದ. "ಆ ದಿನ ನನ್ನ ಹೆಂಡತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹೊರಗಿದ್ದ ಹುಡುಗ ಅವಳಿಂದ ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದವನು. ಅವನು ಮಂಕಾಗುತ್ತಿದ್ದಾನೆ ಎಂದು ಅವಳು ಬಹಳ ಮುಂಚೆಯೇ ಹೇಳಿದ್ದಳು. ಹೇಳಿದರೆ ಕೇಳಲು ಒಬ್ಬರಿಗೂ ಪುರುಸೊತ್ತು ಇರಲಿಲ್ಲ. ಅವಳ ಕೈಗೆ ಪಿಸ್ತೂಲು ಕೊಟ್ಟು ಆ ಹುಡುಗನನ್ನು ಕೊಲ್ಲು ಎಂದು ನಾನು ಹೇಳಲಾರೆ. ಅವನು ಆ ಬಾಗಿಲಿಗೆ ಬರುವ ಮುಂಚೆ ಅವನ ಜೊತೆ ಮಾತಾಡುವವರು ಬೇಕು. ನನ್ನ ಮಗಳಿಗೂ ಬೇಕು. ಮತ್ತೆ, ನಮ್ಮ ನಮ್ಮ ಮನೆಯ ಬಂದೂಕಿಗೆ ಬೀಗ ಹಾಕೋಣ. ಅದಕ್ಕೆ ಯಾವ ಮಂಡಳಿಯ ಅಪ್ಪಣೆಯೂ ಬೇಡ."

ಯಂತ್ರ ಕುಂಯ್ ಎಂದಿತು. ಅವನು ಬಂದು ಕೂತ. ಡಯೇನ್ ಈ ಸಲ ಕೇಳದೆಯೇ ಅವನನ್ನು ತಬ್ಬಿಕೊಂಡಳು.

ಕೌನ್ಸೆಲರ್ ನೇಮಕ ಒಂದೇ ಮತದ ಅಂತರದಲ್ಲಿ ಗೆದ್ದಿತು. ಹೇಲಿ ಮತ್ತು ಸಂಜನಾ ಕುರ್ಚಿಗಳ ನಡುವೆ ಕುಣಿದರು. ಗಣಿತದ ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಹೊರಟಿದ್ದ. ವಾಲ್ಟ್ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು, ಪಾರ್ಕಿಂಗ್ ತನಕ ಮಾತಾಡುತ್ತ ನಡೆದ.

ಫೈನಲ್

ಹೇಲಿ ಅರ್ಹತಾ ಸುತ್ತಿನಲ್ಲೇ ಹೊರಬಿದ್ದಳು. ಸಂಜನಾ ಫೈನಲ್ ತಲುಪಿದಳು. ಹೇಲಿ ನನ್ನ ಪಕ್ಕದಲ್ಲಿ ಕೂತು, ತನ್ನದೇ ಫೈನಲ್ ಎನ್ನುವಂತೆ ಉಗುರು ಕಚ್ಚುತ್ತಿದ್ದಳು.

ಈ ಆಟ ಹೀಗೆ: ಕೆಲವು ಗುಂಡುಗಳಿಗೊಮ್ಮೆ ಕಡಿಮೆ ಅಂಕದವರು ಹೊರಹೋಗುತ್ತಾರೆ. ಕೊನೆಗೆ ಇಬ್ಬರೇ ಉಳಿಯುತ್ತಾರೆ. ಗುರಿಯ ನಡುವಿನ ಚುಕ್ಕಿ ಸಾಸಿವೆಯಷ್ಟಿರುತ್ತದೆ. ಕೊನೆಗೆ ಉಳಿದವರಲ್ಲಿ ಒಬ್ಬಳು ಪೋಲೆಂಡಿನಿಂದ ಬಂದ ಎತ್ತರದ ಹುಡುಗಿ, ಇನ್ನೊಬ್ಬಳು ದಪ್ಪನೆಯ ಶೂಟಿಂಗ್ ಜಾಕೆಟ್ಟಿನೊಳಗೆ ಗುಬ್ಬಿಯಂತೆ ಕಾಣುತ್ತಿದ್ದ ನನ್ನ ಮಗಳು. ಅಂಕ ಹೆಚ್ಚುಕಡಿಮೆ ಸಮ. ಉಳಿದದ್ದು ಒಂದೇ ಗುಂಡು.

ಸಂಜನಾ ರೈಫಲ್ ಎತ್ತಿದಳು. ಪೋಲಿಷ್ ಹುಡುಗಿ ಹೊಡೆದೇಬಿಟ್ಟಳು, ಒಳ್ಳೆಯ ಹೊಡೆತ. ನೋಡುತ್ತಿದ್ದವರು ಗದ್ದಲ ಮಾಡಿದರು. ಸಂಜನಾಳ ಮೊಣಕೈ ಅದುರಿದ್ದು ನನಗೆ ಕಂಡಿತು. ರಾಜ್ಯಮಟ್ಟದ ಫೈನಲ್‌ನಲ್ಲೂ ಶುರುವಾದದ್ದು ಅಲ್ಲಿಂದಲೇ. ಗೋಡೆಯ ಮೇಲಿನ ಗಡಿಯಾರ ಹಿಂದಕ್ಕೆ ಎಣಿಸುತ್ತಿತ್ತು.

ಅವಳು ರೈಫಲ್ ಇಳಿಸಿದಳು.

ಸಾವಂತ್ ಸರ್ ಕಣ್ಣು ಮುಚ್ಚಿಕೊಂಡರು. ಹೇಲಿ ನನ್ನ ಕೈ ಹಿಡಿದು ಪಿಸುಗುಟ್ಟಿದಳು, "ನೋಡಿ, ಎಣಿಸುತ್ತಿದ್ದಾಳೆ." ಹೌದು, ಅವಳ ತುಟಿಗಳು ಅಲುಗುತ್ತಿದ್ದವು. ಹೊರಟುಹೋಗಲಿಲ್ಲ. ನಿಂತಳು. ಉಸಿರು ಎಳೆದುಕೊಂಡಳು, ಬಿಟ್ಟಳು, ಮತ್ತೆ ಎಳೆದುಕೊಂಡಳು. ಆಮೇಲೆ ಆ ಭಾರದ ರೈಫಲ್ಲನ್ನು ಮತ್ತೆ ಎತ್ತಿ, ಕೆನ್ನೆಗೊತ್ತಿ, ಸಮಯ ತೀರಿಹೋಯಿತು ಎಂದು ನನಗನ್ನಿಸಿದ ಗಳಿಗೆಯಲ್ಲಿ ಹೊಡೆದಳು.

ಪರದೆಯ ಮೇಲೆ ಚುಕ್ಕಿ ಮೂಡಿತು. ಸಾಸಿವೆಯ ನಟ್ಟನಡುವೆ.

ನಾನು ಕನ್ನಡದಲ್ಲಿ ಏನೇನು ಕೂಗಿದೆನೋ ಗೊತ್ತಿಲ್ಲ. ಸಾವಂತ್ ಸರ್ ಮರಾಠಿಯಲ್ಲಿ ಕೂಗಿದರು, ವಾಲ್ಟ್ ಸೀಟಿ ಹೊಡೆದ. ಹೇಲಿ ಹಗ್ಗ ದಾಟಿ ಓಡಿ ಸಂಜನಾಳನ್ನು ಜಾಕೆಟ್ ಸಮೇತ ಎತ್ತಿಬಿಟ್ಟಳು. ಚಿನ್ನದ ಪದಕ ಕೊರಳಿಗೆ ಬಿದ್ದ ಮೇಲೆ ಅಲ್ಲಿಯ ಸ್ಥಳೀಯ ಪತ್ರಿಕೆಯವಳು ಮಗಳನ್ನು ಕೇಳಿದಳು, "ರೈಫಲ್ ಇಳಿಸಿದಾಗ ಏನು ಯೋಚಿಸುತ್ತಿದ್ದೆ?"

"ನನ್ನ ಡಾಕ್ಟರ್ ಹೇಳಿದ್ದನ್ನು" ಎಂದಳು ಸಂಜನಾ. "ಸೈಕಿಯಾಟ್ರಿಸ್ಟ್" ಎಂದು ಸೇರಿಸಿದಳು. ಪದದ ಅಕ್ಷರಗಳನ್ನು ಕೂಡ ಬಿಡಿಸಿ ಹೇಳಿದಳು.

ಆ ಮಾತು ಭಾಂಡುಪ್ ಸೇರಲು ನಾವು ವಿಮಾನ ಹತ್ತುವವರೆಗೂ ಕಾಯಲಿಲ್ಲ. ಸಾವಂತ್ ಸರ್ ಆ ವರದಿಯನ್ನು ಕ್ಲಬ್ಬಿನ ಗ್ರೂಪಿಗೆ ಹಾಕಿದ್ದರು. ಅಲ್ಲಿಂದ ಅದು ಬಿಲ್ಡಿಂಗಿನ ಗ್ರೂಪು, ಬೆಳಗಾವಿಯ ಬಂಧುಗಳ ಗ್ರೂಪು ಎಲ್ಲವನ್ನೂ ಸುತ್ತಿತ್ತು. ಬಸವರಾಜ್ ಫೋನ್ ಮಾಡಿ ಪದಕಕ್ಕೆ ಹಿಗ್ಗಿದರು. ವರದಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಸಯನ್

ನಾವು ಮರಳಿದ ಮೇಲಿನ ಮೊದಲ ಭಾನುವಾರ ಸಯನ್‌ನ ಒಂದು ಹಾಲ್‌ನಲ್ಲಿ ನಮ್ಮ ಕನ್ನಡಿಗರು ಸಂಜನಾಗೆ ಸನ್ಮಾನ ಇಟ್ಟುಕೊಂಡಿದ್ದರು. ಶಾಲು, ಹಣ್ಣಿನ ಬುಟ್ಟಿ, ಉಪ್ಪಿಟ್ಟು, ಶಿರಾ. ವೇದಿಕೆಯ ಮೇಲೆ ಬಸವರಾಜ್ ಬೆವರುತ್ತ ಕೂತಿದ್ದರು. ಸಂಜನಾ ಮೈಕ್ ಹಿಡಿದಳು. ಅವಳ ಕನ್ನಡ ತಡವರಿಸುತ್ತದೆ, ಆದರೂ ಕನ್ನಡದಲ್ಲೇ ಮಾತಾಡಿದಳು.

"ನನಗ ಲಾಸ್ಟ್ ಇಯರ್ ಭಾಳ ಹೆದರಿಕಿ ಆಗ್ತಿತ್ತು. ಉಸಿರಽ ಬರ್ತಿರ್ಲಿಲ್ಲ. ನಾ ಹುಚ್ಚಿ ಅಲ್ಲ. ನಾ ಡಾಕ್ಟರ್ ಕಡೆ ಹೋಗ್ತೀನಿ. ಅಮೆರಿಕಾದಾಗ ನನ್ನ ಫ್ರೆಂಡ್ ಹೇಲಿನೂ ಹೋಗ್ತಾಳ. ಕಿಸಿಕೋ ಐಸಾ ಹೋತಾ ಹೈ ತೊ... ಯಾರಿಗಾದ್ರೂ ಹಿಂಗ ಆದ್ರ, ಮನ್ಯಾಗ ಹೇಳ್ರಿ. ಬಸ್."

ಚಪ್ಪಾಳೆ ಬೀಳಲಿಲ್ಲ. ಮೂರನೆಯ ಸಾಲಿನಲ್ಲಿ ಕೂತಿದ್ದ ಶಾಂತಕ್ಕ ಎದ್ದರು. ಧಾರವಾಡ ಕಡೆಯವರು, ಮಗ ಕೆಲಸ ಬಿಟ್ಟು ತಿಂಗಳುಗಟ್ಟಲೆ ಕೋಣೆಯಿಂದ ಹೊರಗೆ ಬಂದಿಲ್ಲ. ಕೇಳಿದವರಿಗೆಲ್ಲ ಕಾಮಾಲೆ ಎನ್ನುತ್ತಿದ್ದವರು.

"ಆ ಡಾಕ್ಟರು ಎಲ್ಲಿ ಕೂಡ್ತಾರವಾ?" ಎಂದು ಎಲ್ಲರ ಮುಂದೆಯೇ ಕೇಳಿದರು.

ಸಂಜನಾ ಉತ್ತರಿಸುವ ಮೊದಲೇ ಬಸವರಾಜ್ ಎದ್ದು ನಿಂತರು. ಶಾಲು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ.

"ಇಲ್ಲೇ ಸ್ಟೇಶನ್ ಹತ್ರ ಐತ್ರಿ ಅಕ್ಕಾರ. ಬುಧವಾರ ನಾವು ಹೊಂಟೀವಿ. ಮಗನ್ನ ಕರಕೊಂಡು ನಮ್ಮ ಜೋಡಿ ಬರ್ರಿ. ಅಂಗಡಿ ಬಂದ್ ಮಾಡಿ ನಾನಽ ಬರ್ತೀನಿ. ಮತ್ತ ಯಾರಾದ್ರೂ ಬರೂವರು ಇದ್ರ, ನಾಚ್‌ಬ್ಯಾಡ್ರಿ, ಹೇಳ್ರಿ."

ಆಗ ಬಿತ್ತು ಚಪ್ಪಾಳೆ. ಪದಕಕ್ಕೂ ಅಷ್ಟು ಬಿದ್ದಿರಲಿಲ್ಲ.

ಬುಧವಾರ ಆ ಚಿಕ್ಕ ಕಾಯುವ ಕೋಣೆಯಲ್ಲಿ ಕುರ್ಚಿ ಸಾಲದಷ್ಟು ಕನ್ನಡ ತುಂಬಿತ್ತು. ಶಾಂತಕ್ಕ, ಗಡ್ಡ ಬಿಟ್ಟ ಅವರ ಮಗ, ಭಾಂಡುಪ್‌ನ ಇನ್ನೊಂದು ಮನೆಯ ತಾಯಿ ಮಗಳು, ನಾವು ಮೂವರು. ಹಿಂದೆಲ್ಲ ಅಲ್ಲಿಗೆ ಬಂದಾಗ ದುಪಟ್ಟಾದಿಂದ ಮುಖ ಮರೆಮಾಡಿಕೊಳ್ಳುತ್ತಿದ್ದ ನನ್ನ ಮಗಳು ಶಾಂತಕ್ಕನ ಮಗನ ಪಕ್ಕ ಕೂತು ಫೋನಿನಲ್ಲಿ ಹೇಲಿಯ ಫೋಟೊ ತೋರಿಸುತ್ತಿದ್ದಳು. ಒಳಗಿನಿಂದ ಸಂಜನಾಳ ಹೆಸರು ಕರೆದರು. ಅವಳಿಗಿಂತ ಮೊದಲು ಅವಳ ಅಪ್ಪ ಎದ್ದು, ಹೊರಗಿನ ರಸ್ತೆಗೂ ಕೇಳುವಂಥ ದನಿಯಲ್ಲಿ, "ಹೂಂ, ಬಂದೀವ್ರಿ!" ಎಂದರು.